ಹಂಚಿಹೋದ ರಾಜಕಾರಣ, ಹಂಚಿಕೊಳ್ಳಬೇಕಾದ ಶಿಲುಬೆ

ಬೆಂಗಳೂರು: ಕರ್ನಾಟಕದ ಕ್ರೈಸ್ತರು ಸಂಖ್ಯೆಯಲ್ಲಿ ಅಲ್ಪರು. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 1.87, ಅಂದರೆ ಸುಮಾರು 11.4 ಲಕ್ಷ. ಕರಾವಳಿ ಹಾಗೂ ಬೆಂಗಳೂರಿನ ಕೆಲವು ಕ್ಷೇತ್ರಗಳನ್ನು ಬಿಟ್ಟರೆ ಚುನಾವಣಾ ಲೆಕ್ಕಾಚಾರದಲ್ಲಿ ಅವರಿಗೆ ಹೆಚ್ಚಿನ ಸ್ಥಾನವಿಲ್ಲ. ಆದರೂ ಕಳೆದ ಎರಡು ದಶಕಗಳಲ್ಲಿ ಈ ಸಮುದಾಯ ರಾಜಕೀಯ ವಾಗ್ವಾದದ ನಡುವೆ ಮತ್ತೆ ಮತ್ತೆ ಬಂದು ನಿಂತಿದೆ. ಪಕ್ಷಗಳು ಎದುರುಬದುರಾಗಿ ನಿಂತಿರುವ ಇಂಥ ಕಾಲದಲ್ಲಿ ಕ್ರೈಸ್ತನು ತನ್ನ ವಿಶ್ವಾಸವನ್ನು ಬಾಳುವುದು ಹೇಗೆ? ಇದು ಕೇವಲ ಧರ್ಮೋಪದೇಶದ ಪ್ರಶ್ನೆಯಲ್ಲ, ನಾಗರಿಕ ಬದುಕಿನ ಪ್ರಶ್ನೆಯೂ ಹೌದು.

2008ರ ಪಾಠ

2008ರ ಸೆಪ್ಟೆಂಬರ್ 14, ಭಾನುವಾರ. ಮತಾಂತರದ ಆರೋಪ ಹೊತ್ತಿದ್ದುದು ನ್ಯೂ ಲೈಫ್ ಎಂಬ ಪ್ರಾರ್ಥನಾ ಪಂಗಡ. ಆದರೆ ಅಂದು ದಾಳಿಗೆ ಗುರಿಯಾದ ಸ್ಥಳಗಳಲ್ಲಿ ಮಂಗಳೂರಿನ ಮಿಲಾಗ್ರಿಸ್ ಬಳಿಯ ಕೆಥೊಲಿಕ್ ಅಡೋರೇಶನ್ ಮಠವೂ ಇತ್ತು. ಮಠದಿಂದ ಹೊರಗೆ ಕಾಲಿಡದೆ, ಪ್ರಾರ್ಥನೆಯಲ್ಲೇ ಆಯುಷ್ಯ ಕಳೆಯುವ ಸಂನ್ಯಾಸಿನಿಯರು ಮತಾಂತರದ ಸಿಟ್ಟಿಗೆ ಬಲಿಯಾದದ್ದು ವಿಪರ್ಯಾಸ. ಶಿಲುಬೆ ಮುರಿಯಿತು, ಪರಮಪ್ರಸಾದಕ್ಕೆ ಅಪಚಾರವಾಯಿತು. ಪ್ರತಿಭಟನೆಗೆ ಇಳಿದವರ ಮೇಲೆ ಪೊಲೀಸರ ಲಾಠಿ ಬೀಸಿತು.

ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಸಲ್ಲಿಸಿತು. ಸಂಘ ಪರಿವಾರಕ್ಕಾಗಲಿ ಸರ್ಕಾರಕ್ಕಾಗಲಿ ಇದರಲ್ಲಿ ಪಾತ್ರವಿಲ್ಲವೆಂಬ ಅದರ ನಿಲುವನ್ನು ಕ್ರೈಸ್ತ ಮುಖಂಡರು ಒಪ್ಪಲಿಲ್ಲ. ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಸಲ್ಡಾನ್ಹ ಅವರ ಖಾಸಗಿ ವಿಚಾರಣಾ ವರದಿ ಇದಕ್ಕೆ ತದ್ವಿರುದ್ಧವಾದ ತೀರ್ಮಾನಕ್ಕೆ ಬಂದಿತು. ಹೀಗೆ ಸತ್ಯವೂ ಎರಡು ಪಾಲಾಯಿತು.

ಆದರೆ ಮತ್ತೊಂದು ಬೆಳವಣಿಗೆ ಹೆಚ್ಚು ಚರ್ಚೆಗೆ ಬರಲಿಲ್ಲ. ಅಂದು ಬಜರಂಗ ದಳದ ರಾಜ್ಯ ಸಂಚಾಲಕರಾಗಿದ್ದು, ದಾಳಿಗಳನ್ನು ಬಹಿರಂಗವಾಗಿ ಸಮರ್ಥಿಸಿ ಬಂಧನಕ್ಕೊಳಗಾದ ಮಹೇಂದ್ರ ಕುಮಾರ್ ಬಳಿಕ ಆ ಸಂಘಟನೆಯನ್ನೇ ತೊರೆದರು. 2020ರ ಏಪ್ರಿಲ್‌ನಲ್ಲಿ ನಿಧನರಾದಾಗ ಅವರು ಕೋಮು ಸೌಹಾರ್ದದ ಪರವಾದ ಗಟ್ಟಿ ದನಿಯಾಗಿದ್ದರು. ಎದುರು ಪಾಳೆಯದವನು ಎಂದೆಂದಿಗೂ ಎದುರಾಳಿಯೇ ಆಗಿರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಕಾಯಿದೆಯ ನೆರಳು

2021ರ ಡಿಸೆಂಬರ್‌ನಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆದ ಮತಾಂತರ ನಿಯಂತ್ರಣ ಮಸೂದೆ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರ್‌ನಲ್ಲಿ ಕಾಯಿದೆಯಾಗಿ ಜಾರಿಗೆ ಬಂತು. ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಸಲ್ಲಿಸಬೇಕು; ಬಲವಂತ ನಡೆದಿಲ್ಲವೆಂದು ಸಾಬೀತುಪಡಿಸುವ ಹೊಣೆ ಆರೋಪಿಯದೇ. ಮಹಿಳೆ, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ ಶಿಕ್ಷೆ 10 ವರ್ಷದವರೆಗೆ. 2023ರ ಜೂನ್‌ನಲ್ಲಿ ಸಿದ್ದರಾಮಯ್ಯ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಭಕ್ತನೊಬ್ಬನ ಭಾನುವಾರ ನೆಮ್ಮದಿಯಿಂದ ಕಳೆಯುವುದು ವಿಧಾನಸೌಧದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅವಲಂಬಿಸಬೇಕೇ?

ಆಮಿಷದ ಮತಾಂತರ ಸಲ್ಲದು ಎಂಬುದರಲ್ಲಿ ಎರಡು ಮಾತಿಲ್ಲ. ಧರ್ಮಪ್ರಚಾರದ ಹಕ್ಕು ಎಂದರೆ ಮತ್ತೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಪ್ರಶ್ನೆ ಇರುವುದು ಬೇರೆಡೆ. 2021ರ ಜನವರಿಯಿಂದ ನವೆಂಬರ್‌ವರೆಗೆ ರಾಜ್ಯದಲ್ಲಿ ಕ್ರೈಸ್ತರ ಮೇಲೆ ನಡೆದ 39 ಪ್ರಕರಣಗಳನ್ನು ಪಿಯುಸಿಎಲ್ ದಾಖಲಿಸಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲಿ ಪ್ರಾರ್ಥನಾ ಸ್ಥಳಕ್ಕೆ ನುಗ್ಗಿದ ಗುಂಪು ಅಲ್ಲಿಯೇ ಕುಳಿತು ಭಜನೆ ಮಾಡಿತು. ಕೊನೆಗೆ ಬಂಧನಕ್ಕೊಳಗಾದವರು ಅಲ್ಲಿನ ಪಾಸ್ಟರ್. ಇಂಥ ಪೆಟ್ಟನ್ನು ಹೆಚ್ಚಾಗಿ ತಿನ್ನುವವರು ಬಾಡಿಗೆ ಕೋಣೆಯಲ್ಲಿ, ಮನೆಯ ಪಡಸಾಲೆಯಲ್ಲಿ ಸೇರುವ ಸಣ್ಣ ಸಭೆಗಳವರು.

ಇಬ್ಬಗೆಯ ಪ್ರಲೋಭನೆ

ಶಾಲೆ, ಕಾಲೇಜು, ಆಸ್ಪತ್ರೆಗಳನ್ನು ಹೊಂದಿರುವ ಹಳೆಯ ಸಭೆಗಳಿಗೆ ಸಹಜವಾಗಿಯೇ ಒಂದು ಪ್ರಲೋಭನೆಯುಂಟು. ‘ನಾವು ಅವರಂಥವರಲ್ಲ’ ಎಂದು ಪಕ್ಕಕ್ಕೆ ಸರಿದು ನಿಲ್ಲುವುದು. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯೂ ಸೇಂಟ್ ಅಲೋಶಿಯಸ್ ಕಾಲೇಜೂ 1880ರಿಂದ ಎಲ್ಲ ಮತಸ್ಥರ ಸೇವೆ ಮಾಡುತ್ತ ಬಂದಿವೆ. ಆ ಪುಣ್ಯ ಇಡೀ ಸಮುದಾಯಕ್ಕೆ ರಕ್ಷಣೆಯಾಗಲಿಲ್ಲ ಎಂಬುದನ್ನು 2008 ತೋರಿಸಿಕೊಟ್ಟಿತು. ಈ ದೃಷ್ಟಿಯಿಂದ, 2022ರಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ದೇಶದಾದ್ಯಂತ ಕ್ರೈಸ್ತರ ಮೇಲೆ ನಡೆದ ದಾಳಿಗಳ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು ಗಮನಾರ್ಹ. ದೊಡ್ಡ ಸಭೆ ಸಣ್ಣ ಸಭೆಗಳ ಪರವಾಗಿಯೂ ಬಾಯಿ ತೆರೆಯಿತು.

ಇನ್ನೊಂದು ಪ್ರಲೋಭನೆ ಇದಕ್ಕೆ ವಿರುದ್ಧವಾದುದು. ಧರ್ಮವನ್ನೇ ರಾಜಕೀಯದ ಆಯುಧವಾಗಿಸುವುದು. 2001ರ ಜನವರಿಯ ಗುಜರಾತ್ ಭೂಕಂಪವನ್ನು ಕ್ರೈಸ್ತರ ಮೇಲಿನ ದೌರ್ಜನ್ಯಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಬಣ್ಣಿಸಿದ ಎಸ್.ಎಂ. ಕೃಷ್ಣ ಸಂಪುಟದ ಸಚಿವ ಟಿ. ಜಾನ್ ಹುದ್ದೆ ಕಳೆದುಕೊಂಡರು. ಮಣ್ಣಿನಡಿ ಸಿಲುಕಿದವರ ಜಾತಿ ಮತ ಕೇಳದೆ ಮರುಗುವುದಷ್ಟೇ ಅಂದು ವಿಶ್ವಾಸಿಯಿಂದ ನಿರೀಕ್ಷಿತವಾಗಿತ್ತು.

ಕ್ರೈಸ್ತನಾದವನು ಇಂಥದೇ ಪಕ್ಷದಲ್ಲಿರಬೇಕೆಂಬ ನಿಯಮವೇನಿಲ್ಲ. ಕರಾವಳಿಯ ಆಸ್ಕರ್ ಫರ್ನಾಂಡಿಸ್, ಮಾರ್ಗರೆಟ್ ಆಳ್ವ ಕಾಂಗ್ರೆಸ್‌ನಲ್ಲಿ ಬೆಳೆದರು. ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ವಾಜಪೇಯಿ ಸರ್ಕಾರದ ರಕ್ಷಣಾ ಸಚಿವರಾದರು. ಮತಪೆಟ್ಟಿಗೆಯ ಮುಂದೆ ಸಮುದಾಯ ಒಡೆದು ನಿಂತರೆ ಅಪಾಯವಿಲ್ಲ. ಪೆಟ್ಟು ಬಿದ್ದವನ ಮುಂದೆ ಒಡೆದು ನಿಂತರೆ ಅಪಾಯ.

ಏಸು ಹೇಳಿದ ಕಥೆಯಲ್ಲಿ ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಎತ್ತಿದವನು ಸ್ವಮತೀಯನಲ್ಲ, ಎಲ್ಲರೂ ಹೀನಾಯವಾಗಿ ಕಾಣುತ್ತಿದ್ದ ಸಮಾರ್ಯದವನು. ಆ ಕಥೆಯನ್ನು ನಂಬಿದವರಿಗೆ ಇಲ್ಲಿ ಎರಡು ಕರ್ತವ್ಯಗಳಿವೆ: ತಮಗಿಂತ ದುರ್ಬಲವಾದ ಸಭೆಯ ಪಕ್ಕದಲ್ಲಿ ನಿಲ್ಲುವುದು, ತಮ್ಮನ್ನು ಶಂಕಿಸುವ ನೆರೆಯವನೊಂದಿಗೆ ಮಾತು ಮುರಿಯದಿರುವುದು. ಸರ್ಕಾರಗಳು ಬದಲಾಗುತ್ತವೆ, ಕಾಯಿದೆಗಳು ಬಂದು ಹೋಗುತ್ತವೆ. ಈ ಎರಡನ್ನೂ ಉಳಿಸಿಕೊಳ್ಳುವ ಹೊಣೆ ಮಾತ್ರ ಯಾವ ಪಕ್ಷಕ್ಕೂ ವಹಿಸಿಕೊಡುವಂಥದ್ದಲ್ಲ.