ಪಿನ್‌ಔಟ್ ಕನ್ನಡದಾಗ ಯಾಕಿಲ್ಲ?

ಈಗಿನ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ್ರೆ ನಮ್ ಕಡೆ ಬೇಗ ಕೇಳೋ ಮಾತು, "ಇಸಿಎಂ ಹೋಗೇತಿ." ಇಸಿಎಂ ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್. ತಿಕೋಟಾ, ಬಬಲೇಶ್ವರದಿಂದ ದ್ರಾಕ್ಷಿ ತರೋ ಪಿಕಪ್ ಸೀಸನ್ನಲ್ಲಿ ನಿಂತ್ರೆ ಮಾಲೀಕ ಆ ಮಾತು ನಂಬಲೇಬೇಕು, ಸಾವಿರಾರು ರೂಪಾಯಿ ಕೊಡಲೇಬೇಕು. ಆದ್ರೆ ಕೆಟ್ಟಿರೋದು ಬರೇ ಜಂಗು ಹಿಡಿದ ಒಂದು ಪಿನ್ನೋ, ಸಡಿಲಾದ ಅರ್ಥಿಂಗ್ ವೈರೋ ಇರಬಹುದು.

ಅದನ್ನ ಪತ್ತೆ ಹಚ್ಚೋಕೆ ಪಿನ್‌ಔಟ್ ಬೇಕು: ಕಪ್ಲರ್‌ನ ಯಾವ ಪಿನ್ನಿಗೆ ಯಾವ ವೈರ್ ಅನ್ನೋ ಪಟ್ಟಿ. ಸ್ಟೇರಿಂಗ್ ಹತ್ತಿರದ 16 ಪಿನ್ನಿನ ಓಬಿಡಿ ಕಪ್ಲರನ್ನೇ ತಗೊಳ್ಳಿ. 4 ಮತ್ತು 5 ಅರ್ಥಿಂಗ್, 16 ಬ್ಯಾಟರಿ ಪ್ಲಸ್, 6 ಮತ್ತು 14 ಕ್ಯಾನ್ ಲೈನ್. ಕ್ಯಾನ್ ಲೈನಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಇರ್ತದೆ. ಬ್ಯಾಟರಿ ಬಿಚ್ಚಿ 6 ಮತ್ತು 14ರ ನಡುವೆ ಮೀಟರ್ ಹಿಡಿದ್ರೆ ಬಹಳಷ್ಟು ಗಾಡಿಗಳಲ್ಲಿ ಸುಮಾರು 60 ಬರಬೇಕು. ಅಂಥ ಗಾಡಿಯಲ್ಲಿ 120 ಬಂದ್ರೆ ಲೈನ್ ಎಲ್ಲೋ ಕಟ್ ಆಗಿರಬಹುದು. ನಾವು ಫಸ್ಟ್ ಇಯರ್‌ನಲ್ಲಿ ಮಾಡಿದ ಪ್ಯಾರಲಲ್ ಸರ್ಕ್ಯೂಟ್ ಲೆಕ್ಕ ಅಷ್ಟೇ.

ಓಬಿಡಿ ಪಿನ್‌ಗಳಿಗೆ ಸ್ಟ್ಯಾಂಡರ್ಡ್ ಐತಿ. ಇಸಿಎಂ ಕಪ್ಲರ್ ಹಾಗಲ್ಲ, ಮಾಡೆಲ್ ಬದಲಾದ್ರೆ ಪಿನ್ನೂ ಬದಲಾಗಬಹುದು. ಆ ಮ್ಯಾನ್ಯುಯಲ್ ಸಣ್ಣ ಗ್ಯಾರೇಜಿಗೆ ಸುಲಭಕ್ಕೆ ಸಿಗಲ್ಲ, ಸಿಕ್ಕರೂ ಇಂಗ್ಲಿಷ್. ಚಿತ್ರ ವೈರ್ ಕಡೆಯಿಂದ ನೋಡಿ ಬರೆದದ್ದೋ, ಪಿನ್ ಕಡೆಯಿಂದಲೋ ಅನ್ನೋ ಒಂದು ಸಾಲು ಅರ್ಥ ಆಗದಿದ್ರೆ ಎಡ-ಬಲ ಅದಲುಬದಲು. 5 ವೋಲ್ಟ್ ಸೆನ್ಸರ್ ಲೈನಿಗೆ 12 ವೋಲ್ಟ್ ಹೋದ್ರೆ ಚೆನ್ನಾಗಿದ್ದ ಇಸಿಎಂ ಕೂಡ ಸುಡಬಹುದು.

"ನಮ್ ಮೆಕ್ಯಾನಿಕ್‌ಗಳಿಗೆ ಅನುಭವ ಸಾಕು" ಅಂತೀರಾ? ಅವರು ಸೌಂಡ್ ಕೇಳಿ ಇಂಜಿನ್ ದೋಷ ಹೇಳ್ತಾರೆ, ಖರೆ. ಯಾವ ಪಿನ್ನಲ್ಲಿ ಎಷ್ಟು ವೋಲ್ಟ್ ಇರಬೇಕು ಅನ್ನೋದು ಸೌಂಡಿನಿಂದ ತಿಳಿಯಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದಮೇಲೆ ಬೈಕಿನಲ್ಲೂ ಇದೇ ಕಥೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಸಮಿತಿ ಮಾಡಿತು. ವಾಹನ, ಕೃಷಿ ಯಂತ್ರ ಎರಡೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೇದು. ಆದ್ರೆ ನಾಳೆ ಕಂಪನಿಗಳು ಮಾಹಿತಿ ಕೊಟ್ರೂ ಅದು ಓದೋಕೆ ಬರಬೇಕಲ್ಲ?

ನವೆಂಬರ್ 1ಕ್ಕೆ ಭಾಷಣ, ಹಾಡು ಇರಲಿ. ಜೊತೆಗೆ ಒಂದು ಪುಟದ ಕನ್ನಡ ಶೀಟ್ ಮಾಡೋಣ: ಓಬಿಡಿ ಪಿನ್‌ಗಳು, 60 ಓಮ್ ಟೆಸ್ಟ್, ಅರ್ಥಿಂಗ್ ಚೆಕ್ ಮಾಡೋ ರೀತಿ. ಕಪ್ಲರ್‌ಗೆ 'ಕಪ್ಲರ್' ಅಂತಲೇ ಬರೆಯೋಣ, ನಿಘಂಟಿನ ಪದ ಬೇಡ. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಬ್ರಾಂಚಿನವರು ಕೂತು ಬರೀರಿ. ವಿಜಯಪುರದ ಗ್ಯಾರೇಜ್‌ನವರ ಕೈಲೇ ತಿದ್ದಿಸಿ, ಆಮೇಲೆ ಪ್ರಿಂಟ್ ಹಾಕ್ಸೋಣ.