ತೆರೆಯ ಮರೆಯ ಸಂಗೀತಸೇವಕ

ಗಣಕಯಂತ್ರದಲ್ಲಿ ಹಾಡು ಕೇಳುವವರಿಗೆಲ್ಲ ಒಂದು ಅನುಭವ ಸಾಮಾನ್ಯ. ಹಾಡಿನ ಕಿಟಕಿಯನ್ನು ಮುಚ್ಚಿದೊಡನೆ ಆಲಾಪನೆ ಅರ್ಧಕ್ಕೇ ನಿಂತುಹೋಗುತ್ತದೆ. ಬಾಗಿಲು ಮುಚ್ಚಿದರೆ ಒಳಗಿನ ಗಾಯಕನ ಬಾಯಿಯೂ ಮುಚ್ಚಿದಂತೆ! ಈ ತೊಡಕನ್ನು ನೀಗುವ ಸೇವಕನೊಬ್ಬನಿದ್ದಾನೆ. 'ಮ್ಯೂಸಿಕ್ ಪ್ಲೇಯರ್ ಡೀಮನ್' ಎಂಬುದು ಅವನ ಪೂರ್ಣ ನಾಮಧೇಯ; ಬಳಕೆಯಲ್ಲಿ ಎಂ.ಪಿ.ಡಿ. ವಾರನ್ ಡ್ಯೂಕ್ಸ್ ಎಂಬವರು 2003ರಲ್ಲಿ ಆರಂಭಿಸಿದ ಈ ತಂತ್ರಾಂಶಕ್ಕೆ ಬೆಲೆ ತೆರಬೇಕಾಗಿಲ್ಲ.

ಡೀಮನ್ ಎಂಬ ಹೆಸರಿಗೆ ಬೆದರಬೇಕಾಗಿಯೂ ಇಲ್ಲ. 1867ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಅಣುಗಳನ್ನು ಸದಾ ವಿಂಗಡಿಸುತ್ತಿರುವ ಕಾಣದ ಜೀವಿಯೊಂದನ್ನು ಕಲ್ಪಿಸಿದ್ದರು. 1963ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ತಜ್ಞರು, ಮರೆಯಲ್ಲಿ ದುಡಿಯುವ ಗಣಕದ ಕಾರ್ಯಗಳಿಗೆ ಆ ಜೀವಿಯ ಹೆಸರನ್ನೇ ಇಟ್ಟರು.

ಈ ಸೇವಕನಿಗೆ ಮುಖವಿಲ್ಲ. ಹಾಡುವವನು ಒಬ್ಬ, ಅಪ್ಪಣೆ ಕೊಡುವವನು ಬೇರೊಬ್ಬ. ಅಪ್ಪಣೆಯು ಅದೇ ಯಂತ್ರದಿಂದ ಬರಬಹುದು. ಅಡುಗೆಮನೆಯಲ್ಲಿರುವ ಗೃಹಿಣಿಯ ಕೈಫೋನಿನಿಂದಲೂ ಬರಬಹುದು. ಅದನ್ನು ಆಲಿಸಲು ಅವನು ಕಾದಿರುವ ಬಾಗಿಲಿನ ಸಂಖ್ಯೆ 6600.

ಅವನನ್ನು ಕೆಲಸಕ್ಕೆ ಹಚ್ಚುವುದು ಲಿನಕ್ಸ್ ಯಂತ್ರದಲ್ಲಿ ಒಂದೇ ಒಂದು ಕಡತದ ಮಾತು. ಹಾಡುಗಳಿರುವ ಸ್ಥಳ, ಹಾಡಿನ ಸೂಚಿಯನ್ನು ಇಡುವ ಸ್ಥಳ, ಎಲ್ಲಿಯವರೆಗೆ ಹಾಡಿತೆಂಬ ನೆನಪಿನ ಸ್ಥಳ, ಧ್ವನಿ ಹೊರಡುವ ದಾರಿ—ಇವಿಷ್ಟನ್ನು ಅದರಲ್ಲಿ ಬರೆದರೆ ಸಾಕು. ಬಳಿಕ ಸೂಚಿಯನ್ನು ಸಿದ್ಧಪಡಿಸುವಂತೆ ಒಮ್ಮೆ ಆಜ್ಞಾಪಿಸತಕ್ಕದ್ದು.

ಬಹುಮಂದಿ ಎಡವುವುದು ಇಲ್ಲಿಯೇ. ಎಲ್ಲವನ್ನೂ ಸರಿಯಾಗಿ ಬರೆದರೂ ಸೂಚಿ ಬರಿದಾಗಿಯೇ ಉಳಿಯುತ್ತದೆ. ಕಾರಣ ಸರಳವಾದುದು. ಯಂತ್ರದೊಡನೆ ಎದ್ದೇಳುವ ಸೇವಕನು ಸಾಮಾನ್ಯವಾಗಿ ತನ್ನದೇ ಬೇರೆ ಹೆಸರಿನಲ್ಲಿ ದುಡಿಯುತ್ತಾನೆ. ಯಜಮಾನನ ಖಾಸಗಿ ಕೋಣೆಗೆ ಅವನಿಗೆ ಪ್ರವೇಶವಿಲ್ಲ. ಯಜಮಾನನ ಧ್ವನಿವ್ಯವಸ್ಥೆಯೂ ಅವನ ಕೈಗೆ ಸಿಗದೆ ಹೋಗಬಹುದು. ಯಜಮಾನನ ಹೆಸರಿನಲ್ಲಿಯೇ ಅವನನ್ನು ನೇಮಿಸಿಕೊಂಡರೆ ಎರಡು ತೊಂದರೆಗಳೂ ತೀರುತ್ತವೆ. ಆದರೆ ಮೊದಲಿನವನನ್ನು ನಿಲ್ಲಿಸಿಯೇ ಇವನನ್ನು ಕರೆಯಬೇಕು. ಒಂದೇ ಬಾಗಿಲಲ್ಲಿ ಇಬ್ಬರು ನಿಲ್ಲಲಾರರು.

ಇನ್ನೊಂದು ಎಚ್ಚರ. ಮನೆಯವರೆಲ್ಲರ ಅಪ್ಪಣೆಗೆ ಬಾಗಿಲು ತೆರೆದಿಡುವವರು ಗುಪ್ತಪದವೊಂದನ್ನು ಇರಿಸಬಹುದು. ಆದರೆ ಅದು ಮುಸುಕಿಲ್ಲದೆ ಬಯಲಲ್ಲೇ ಸಾಗುವುದರಿಂದ, ಮನೆಯ ಹೊರಗಿನ ಅಂತರಜಾಲಕ್ಕೆ ಈ ಬಾಗಿಲನ್ನು ಎಂದೂ ತೆರೆಯಬಾರದು.

ವಿದ್ಯುತ್ತು ಕೈಕೊಡುವ ಊರುಗಳಲ್ಲಿ ಮತ್ತೊಂದು ಸಾಲು ಅಗತ್ಯ. ನೆನಪಿನ ಕಡತವುಳ್ಳ ಸೇವಕನು ಯಂತ್ರ ಮರಳಿ ಎದ್ದೊಡನೆ ನಿಂತ ಹಾಡನ್ನು ಮುಂದುವರಿಸಲು ತೊಡಗುತ್ತಾನೆ. ನಡುರಾತ್ರಿಯಲ್ಲಿ ಭೈರವಿ ಮೊಳಗಿ ಮಗು ಎಚ್ಚರಗೊಂಡರೆ ತಾಯಿಗೆ ಸಂಗೀತದ ಮೇಲಿನ ಗೌರವ ಉಳಿದೀತೆ? 'ರಿಸ್ಟೋರ್ ಪಾಸ್ಡ್' ಎಂಬುದಕ್ಕೆ 'ಎಸ್' ಎಂದು ಬರೆದರೆ, ಅವನು ಎದ್ದರೂ ಅಪ್ಪಣೆಗಾಗಿ ಮೌನವಾಗಿ ಕಾಯುತ್ತಾನೆ.

ಬೆರಳ ತುದಿಯಲ್ಲಿ ಲಕ್ಷೋಪಲಕ್ಷ ಹಾಡುಗಳು ಬಾಡಿಗೆಗೆ ದೊರೆಯುವಾಗ ಇಷ್ಟು ಶ್ರಮವೇಕೆಂದು ಕೇಳುವವರುಂಟು. ಬಾಡಿಗೆಯ ಹಾಡು ಒಪ್ಪಂದ ಮುಗಿದರೆ ಒಂದು ದಿನ ಸದ್ದಿಲ್ಲದೆ ಮಾಯವಾಗಬಹುದು. ಮೇಲಾಗಿ, ಅಜ್ಜಿಯು ಹಬ್ಬದ ದಿನ ಹಾಡಿ, ಮೊಮ್ಮಗನು ಹಳೆಯ ಕ್ಯಾಸೆಟ್ಟಿನಿಂದ ಉಳಿಸಿಕೊಂಡ ಸಂಪ್ರದಾಯದ ಹಾಡು ಯಾವ ಬಾಡಿಗೆಯ ಭಂಡಾರದಲ್ಲಿದೆ? ಅಂತಹುದನ್ನು ಮನೆಯಲ್ಲಿಯೇ ಎರಡು ಪ್ರತಿಗಳಾಗಿ ಕಾಪಾಡಬೇಕು. ಕಾಪಾಡಿದ್ದನ್ನು ಆಗಾಗ ಹಾಡಿಸಬೇಕು. ಪೆಟ್ಟಿಗೆಯಲ್ಲಿಟ್ಟು ಮರೆತ ಒಡವೆಗಿಂತ ನಿತ್ಯ ತೊಟ್ಟ ಕರಿಮಣಿಗೇ ಹೊಳಪು ಹೆಚ್ಚು.