ಎಲೆಕ್ಟ್ರಿಕ್ ಬ್ರಷ್: ಯಾರಿಗೆ ಬೇಕು, ಯಾವುದು ಸಾಕು

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಹಬ್ಬಕ್ಕೆ ಹೊಸಪೇಟೆಗೆ ಬರುವಾಗ ಅಪ್ಪನಿಗೆಂದು ಒಂದು ಎಲೆಕ್ಟ್ರಿಕ್ ಟೂತ್‌ಬ್ರಷ್ ತರುತ್ತಾಳೆ. ಅಪ್ಪ ಮರುದಿನ ಬೆಳಿಗ್ಗೆ ಗುಂಡಿ ಒತ್ತುತ್ತಾರೆ. ಬ್ರಷ್ಷು ಗುಂಯ್‌ಗುಡುತ್ತದೆ, ಪೇಸ್ಟು ಅಂಗಿಗೆಲ್ಲ ಸಿಡಿಯುತ್ತದೆ. "ಇದನ್ನ ಹೆಂಗ ಹಿಡೀಬೇಕವ್ವಾ?" ಎಂದು ಕೇಳುತ್ತಾರೆ. ಮಗಳಿಗೂ ಸರಿಯಾಗಿ ಗೊತ್ತಿಲ್ಲ. ವಾರ ಕಳೆಯುವುದರೊಳಗೆ ಅದು ಬಚ್ಚಲಮನೆಯ ಗೂಡು ಸೇರಿ, ಹಳೆಯ ಬ್ರಷ್ಷೋ ಬೇವಿನ ಕಡ್ಡಿಯೋ ಮತ್ತೆ ಕೈಗೆ ಬರುತ್ತದೆ. ಇಂಥ ಮನೆಗಳು ಹಲವು. ಆ ಅಪ್ಪನ ಪ್ರಶ್ನೆಗೆ ಉತ್ತರ ಹುಡುಕುವುದು ಈ ಬರಹದ ಉದ್ದೇಶ.

ಮೊದಲು ಬ್ರಷ್ಷಿನ ಕೆಲಸವೇನು ಎಂಬುದನ್ನು ನೋಡೋಣ. ಊಟವಾದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ, ಅದರಲ್ಲೂ ಹಲ್ಲು ಮತ್ತು ಒಸಡು ಕೂಡುವ ಗೆರೆಯಲ್ಲಿ, ಮೆತ್ತನೆಯ ಪಾಚಿ ಕಟ್ಟತೊಡಗುತ್ತದೆ. ಅದು ಬ್ಯಾಕ್ಟೀರಿಯಾಗಳ ಪದರ. ನಾವು ತಿಂದ ಸಿಹಿಯನ್ನು ಅವು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕೊರೆದು ಹುಳುಕು ಮಾಡುತ್ತದೆ. ಪಾಚಿ ಒಸಡಿನ ಅಂಚಿನಲ್ಲೇ ಉಳಿದರೆ ಒಸಡು ಊದಿ ರಕ್ತ ಬರುತ್ತದೆ. ಮೆತ್ತಗಿರುವ ತನಕ ಬ್ರಷ್ ಇದನ್ನು ತೆಗೆಯಬಲ್ಲದು. ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಅದು ಕಲ್ಲಿನಂತೆ ಗಟ್ಟಿಯಾದರೆ, ಎಷ್ಟು ದುಬಾರಿ ಬ್ರಷ್ಷಿಗೂ ಜಗ್ಗುವುದಿಲ್ಲ. ಆಗ ದಂತವೈದ್ಯರ ಹತ್ತಿರ ಸ್ಕೇಲಿಂಗ್ ಮಾಡಿಸಲೇಬೇಕು.

ನಮ್ಮ ಭಾಗದ ಹಲ್ಲುಗಳ ಕಥೆಯಲ್ಲಿ ಇನ್ನೆರಡು ಸಂಗತಿಗಳಿವೆ. ಒಂದು, ಎಲೆ ಅಡಿಕೆ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನ ವೀಳ್ಯದ ಬಗ್ಗೆ ಬೆರಗಿನಿಂದ ಬರೆದಿದ್ದಾನೆ. ಹಂಪಿಯಲ್ಲಿ ಇಂದಿಗೂ ಒಂದು ಹಳೆಯ ಪೇಟೆಬೀದಿಗೆ ಪಾನ್ ಸುಪಾರಿ ಬಜಾರ್ ಎಂದೇ ಹೆಸರು. ಆ ವೀಳ್ಯದ ಜಾಗಕ್ಕೆ ಈಗ ಗುಟ್ಕಾ, ತಂಬಾಕು ಬಂದು ಕೂತಿವೆ. ಎರಡನೆಯದು, ಕೊಳವೆಬಾವಿಯ ನೀರು. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಹೆಚ್ಚಿನ ಫ್ಲೋರೈಡಿನಿಂದ ಹಲ್ಲಿನ ಮೇಲೆ ಮೂಡುವ ಬಿಳಿ, ಕಂದು ಮಚ್ಚೆಗಳು ಹೊರಗಿನಿಂದ ಅಂಟಿದ ಕರೆಯಲ್ಲ. ಬಾಲ್ಯದಲ್ಲಿ ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಎನಾಮೆಲ್ಲಿನಲ್ಲಿ ಸೇರಿಹೋದವು. ಆದ್ದರಿಂದ "ಹಲ್ಲು ಬೆಳ್ಳಗಾಗುತ್ತದೆ" ಎಂಬ ಮಾತಿಗೆ ಮನಸೋತು ಎಲೆಕ್ಟ್ರಿಕ್ ಬ್ರಷ್ ಕೊಂಡರೆ ಮಕ್ಕಳಿಗೆ ನಿರಾಸೆಯೇ ಉಳಿಯುತ್ತದೆ. ಫ್ಲೋರೈಡ್ ಮಚ್ಚೆಯನ್ನು ಯಾವ ಬ್ರಷ್ಷೂ ಅಳಿಸದು.

ಹಾಗಾದರೆ ಈ ಯಂತ್ರದಿಂದ ಲಾಭವಿಲ್ಲವೇ? ಇದೆ, ಆದರೆ ಜಾಹೀರಾತು ಹೇಳುವಷ್ಟಲ್ಲ. ಪ್ರಪಂಚದಾದ್ಯಂತ ನಡೆದ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2014ರಲ್ಲಿ ಈ ವಿಷಯದ ವರದಿ ಪ್ರಕಟಿಸಿತು. ಅದರಲ್ಲಿದ್ದುದು 56 ಪ್ರಯೋಗಗಳು, ಐದು ಸಾವಿರಕ್ಕೂ ಹೆಚ್ಚು ಜನ. ಮೂರು ತಿಂಗಳಿಗೂ ಹೆಚ್ಚು ಕಾಲ ಎಲೆಕ್ಟ್ರಿಕ್ ಬ್ರಷ್ ಬಳಸಿದವರಲ್ಲಿ, ಕೈಬ್ರಷ್ ಬಳಸಿದವರಿಗಿಂತ ಪಾಚಿ ಶೇ 21ರಷ್ಟು, ಒಸಡಿನ ಊತ ಶೇ 11ರಷ್ಟು ಕಡಿಮೆಯಿತ್ತು. ಕೈಬ್ರಷ್ಷಿನಿಂದಲೇ ಚೆನ್ನಾಗಿ ಉಜ್ಜುವವರಿಗೆ ಇದು ಸಣ್ಣ ಲಾಭ. ಕೈ ಸರಿಯಾಗಿ ಆಡದವರಿಗೆ ಇದೇ ದೊಡ್ಡದು.

ಈ ಯಂತ್ರ ಹುಟ್ಟಿದ್ದೂ ಅಂಥವರಿಗಾಗಿಯೇ. 1954ರಲ್ಲಿ ಸ್ವಿಟ್ಜರ್ಲೆಂಡಿನ ಫಿಲಿಪ್ ಗೀ ವೂಗ್ ಎಂಬ ವೈದ್ಯ ಬ್ರಾಕ್ಸೋಡೆಂಟ್ ಎಂಬ ಮೊದಲ ಯಶಸ್ವಿ ಎಲೆಕ್ಟ್ರಿಕ್ ಬ್ರಷ್ ರೂಪಿಸಿದಾಗ, ಕೈಚಲನೆ ಕುಗ್ಗಿದ ರೋಗಿಗಳು ಮತ್ತು ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು ಅವರ ಮನಸ್ಸಿನಲ್ಲಿದ್ದರು. ಇಂದಿಗೂ ಆ ಪಟ್ಟಿ ಬದಲಾಗಿಲ್ಲ. ಪಾರ್ಶ್ವವಾಯು ಹೊಡೆದವರು, ಕೈ ನಡುಗುವವರು, ಬೆರಳಿನ ಸಂಧಿವಾತದಿಂದ ಸಣ್ಣ ಬ್ರಷ್ ಹಿಡಿಯಲಾಗದ ಅಜ್ಜ ಅಜ್ಜಿಯರು, ಅಂಗವೈಕಲ್ಯವಿರುವ ಮಕ್ಕಳು, ಹಾಸಿಗೆ ಹಿಡಿದವರ ಹಲ್ಲುಜ್ಜಿಸುವ ಮನೆಯವರು, ತಂತಿ ಕಟ್ಟಿಸಿಕೊಂಡ ಕಾಲೇಜು ಹುಡುಗ ಹುಡುಗಿಯರು: ಇವರಿಗೆ ದುಡ್ಡು ಹೊಂದುವಂತಿದ್ದರೆ ಧೈರ್ಯವಾಗಿ ಕೊಡಿಸಿ. ಉಳಿದವರು ಕೊಂಡರೆ ತಪ್ಪಿಲ್ಲ, ಕೊಳ್ಳದಿದ್ದರೆ ನಷ್ಟವೂ ಇಲ್ಲ.

ಯಾವುದನ್ನು ಕೊಳ್ಳಬೇಕು?

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದರ ತಲೆ ದುಂಡಗೆ, ನಾಲ್ಕಾಣೆ ನಾಣ್ಯದಷ್ಟು ಸಣ್ಣದು. ಅದು ಆ ಕಡೆ ಈ ಕಡೆ ತುಸು ತುಸುವೇ ತಿರುಗುತ್ತದೆ. ಇನ್ನೊಂದು ಸೋನಿಕ್. ಅದರ ತಲೆ ಮಾಮೂಲಿ ಬ್ರಷ್ಷಿನಂತೆ ಉದ್ದ, ನಿಮಿಷಕ್ಕೆ ಸಾವಿರಾರು ಬಾರಿ ಅದುರುತ್ತದೆ. ಎರಡೂ ಕೆಲಸ ಮಾಡುತ್ತವೆ. ಕಾಕ್ರೇನ್ ವರದಿಯಲ್ಲಿ ಹೆಚ್ಚು ಪ್ರಯೋಗಗಳು ಇದ್ದದ್ದು ತಿರುಗುವ ಬಗೆಯ ಮೇಲೆ. ಸೋನಿಕ್ಕಿನ ಕಂಪನ ಕೆಲವರ ಕೈಗೆ ಹಿತವೆನಿಸುತ್ತದೆ. ಸೆಲ್ ಹಾಕುವ ಅಗ್ಗದ ಬ್ರಷ್ಷುಗಳ ವಿಷಯದಲ್ಲಿ ಎಚ್ಚರ ಬೇಕು. ಸೆಲ್ ಇಳಿದಂತೆ ವೇಗ ತಗ್ಗುತ್ತ ಹೋಗುತ್ತದೆ, ಬಳಸುವವರಿಗೆ ಅದು ತಿಳಿಯುವುದೇ ಇಲ್ಲ.

ನೋಡಲೇಬೇಕಾದ ಗುಣಗಳು ಮೂರು. ಮೊದಲನೆಯದು ಎರಡು ನಿಮಿಷದ ಟೈಮರ್. ಅರ್ಧ ನಿಮಿಷಕ್ಕೊಮ್ಮೆ ಅದು ಕ್ಷಣಕಾಲ ತಡೆದು, ಬಾಯಿಯ ಮುಂದಿನ ಕಾಲುಭಾಗಕ್ಕೆ ಹೋಗಿ ಎಂದು ಸೂಚಿಸುತ್ತದೆ. ಎರಡನೆಯದು ಒತ್ತಡದ ಸೆನ್ಸರ್. ಪಾತ್ರೆ ತಿಕ್ಕಿದಂತೆ ಹಲ್ಲು ತಿಕ್ಕುವವರ ಒಸಡು ವರ್ಷಗಳಲ್ಲಿ ಹಿಂದೆ ಸರಿದು ಬೇರು ಕಾಣುತ್ತದೆ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಹೆಚ್ಚು ಒತ್ತಿದಾಗ ದೀಪ ಹೊತ್ತಿಸಿಯೋ ವೇಗ ತಗ್ಗಿಸಿಯೋ ಎಚ್ಚರಿಸುವ ಬ್ರಷ್ ಅಂಥವರ ಒಸಡು ಉಳಿಸುತ್ತದೆ. ಮೂರನೆಯದು ಮೆತ್ತನೆಯ ಎಳೆ, ಅಂದರೆ ಸಾಫ್ಟ್ ಎಂದು ಬರೆದಿರುವ ತಲೆ. ಐದಾರು ಮೋಡ್, ಮೊಬೈಲ್ ಆಪ್, ಬಣ್ಣದ ಪರದೆ ಇವಕ್ಕೆ ಕೊಡುವ ದುಡ್ಡು ಹಲ್ಲಿಗೆ ತಲುಪುವುದಿಲ್ಲ.

ಬೆಲೆ ಕೇಳುವ ಮೊದಲು ತಲೆಯ ಬೆಲೆ ಕೇಳಿ. ಮೂರು ತಿಂಗಳಿಗೊಮ್ಮೆ, ಎಳೆಗಳು ಬೇಗ ಚದುರಿದರೆ ಅದಕ್ಕೂ ಮೊದಲೇ, ತಲೆ ಬದಲಿಸಬೇಕು. ಒಂದು ತಲೆಗೆ 200 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 800, ಐದು ವರ್ಷಕ್ಕೆ 4,000 ಆಯಿತು. ಹಿಡಿಕೆಗಿಂತ ತಲೆಗಳೇ ದುಬಾರಿಯಾಗಬಹುದು. ಆ ತಲೆಗಳು ನಿಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆಯೇ, ಅಥವಾ ಕಂಪ್ಲಿಗೂ ಸಂಡೂರಿಗೂ ಆನ್‌ಲೈನಿನಲ್ಲಿ ತರಿಸಬಹುದೇ ಎಂದು ಮೊದಲೇ ನೋಡಿಕೊಳ್ಳಿ. ತಲೆ ಸಿಗದ ಬ್ರಷ್ ಆರು ತಿಂಗಳಲ್ಲಿ ಗೂಡಿಗೆ ಹೋಗುತ್ತದೆ. ಕೂಡುಕುಟುಂಬದಲ್ಲಿ ಒಂದೇ ಹಿಡಿಕೆಗೆ ಒಬ್ಬೊಬ್ಬರೂ ಬೇರೆ ಬೇರೆ ತಲೆ ಹಾಕಿಕೊಂಡರೆ ಖರ್ಚು ಹಂಚಿಹೋಗುತ್ತದೆ. ತಲೆಯನ್ನು ಮಾತ್ರ ಇಬ್ಬರು ಹಂಚಿಕೊಳ್ಳಬಾರದು.

ಕರೆಂಟು ಹೋಗಿಬರುವುದು ದೊಡ್ಡ ತೊಂದರೆಯಲ್ಲ. ಲಿಥಿಯಂ ಬ್ಯಾಟರಿಯ ಹೆಚ್ಚಿನ ಬ್ರಷ್ಷುಗಳು ಒಮ್ಮೆ ಚಾರ್ಜ್ ಮಾಡಿದರೆ ಒಂದೆರಡು ವಾರ ಬರುತ್ತವೆ. ಬಚ್ಚಲಮನೆಯ ನೀರಿಗೆ ತಡೆಯಲು ಐಪಿಎಕ್ಸ್7 ಗುರುತು ಇರಲಿ. ಅಮೆರಿಕದ ನೆಂಟರು ತಂದುಕೊಟ್ಟದ್ದಾದರೆ ಚಾರ್ಜರಿನ ಮೇಲೆ 100-240 ವೋಲ್ಟ್ ಎಂದಿದೆಯೇ ನೋಡಿ. ಬರೀ 110 ಎಂದಿದ್ದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಒಮ್ಮೆ ವೈದ್ಯರನ್ನು ಕೇಳಿಯೇ ಬಳಸಲಿ. ಕೆಟ್ಟ ಬ್ರಷ್ಷನ್ನು ಕಸದ ಜೊತೆ ಸುಡಬೇಡಿ, ಅದರ ಬ್ಯಾಟರಿ ಸಿಡಿಯಬಲ್ಲದು.

ಹೇಗೆ ಹಿಡಿಯಬೇಕು?

ಬ್ರಷ್ ಬಾಯಿಯೊಳಗೆ ಹೋದ ಮೇಲೆ ಗುಂಡಿ ಒತ್ತಿ, ತುಟಿ ಮುಕ್ಕಾಲು ಮುಚ್ಚಿ. ಪೇಸ್ಟು ಸಿಡಿಯುವುದಿಲ್ಲ. ಕೈಬ್ರಷ್ಷಿನಂತೆ ಎಳೆದಾಡಬೇಡಿ, ಉಜ್ಜುವ ಕೆಲಸ ಯಂತ್ರದ್ದು. ದುಂಡು ತಲೆಯನ್ನು ಒಂದೊಂದೇ ಹಲ್ಲಿನ ಮೇಲೆ ಎರಡು ಮೂರು ಸೆಕೆಂಡು ನಿಲ್ಲಿಸಿ. ಹೊರಗೆ, ಒಳಗೆ, ಅಗಿಯುವ ಮೇಲ್ಭಾಗ, ಹೀಗೆ ಸಾಗಿ. ಸೋನಿಕ್ ಆದರೆ ಒಸಡಿನ ಗೆರೆಗೆ ಓರೆಯಾಗಿ ಹಿಡಿದು ನಿಧಾನ ಜರುಗಿಸಿ. ಪೇಸ್ಟು ಫ್ಲೋರೈಡ್ ಇರುವಂಥದ್ದೇ ಇರಲಿ. ನೀರಿನ ಫ್ಲೋರೈಡ್ ಹೊಟ್ಟೆಗೆ ಹೋಗಿ ಕೆಡುಕು ಮಾಡುತ್ತದೆ, ಪೇಸ್ಟಿನದು ಹಲ್ಲಿಗೆ ತಾಗಿ ಉಗುಳಿ ಹೋಗುತ್ತದೆ. ನುಂಗುವ ವಯಸ್ಸಿನ ಮಕ್ಕಳ ವಿಷಯದಲ್ಲಿ ಮಾತ್ರ ಜೋಪಾನ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಷ್ಟು, ಆರರೊಳಗಿನವರಿಗೆ ಬಟಾಣಿ ಕಾಳಷ್ಟು ಪೇಸ್ಟು ಸಾಕು, ದೊಡ್ಡವರು ಪಕ್ಕದಲ್ಲಿ ನಿಂತು ಉಗುಳಿಸಬೇಕು. ಇದ್ದಿಲು, ಇಟ್ಟಿಗೆ ಪುಡಿಯನ್ನು ಯಂತ್ರಕ್ಕೆ ಹಚ್ಚಲೇಬೇಡಿ, ಎನಾಮೆಲ್ ಸವೆಯುತ್ತದೆ.

ಮಲಗುವ ಮುನ್ನ ಉಜ್ಜುವುದು ತಪ್ಪಬಾರದು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹಲ್ಲಿಗೆ ಕಾವಲು ತಪ್ಪುತ್ತದೆ. ಸಂಡೂರಿನ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವವರಿಗೆ ಆ ಹೊತ್ತೇ ರಾತ್ರಿ.

ಒಸಡಿನಲ್ಲಿ ರಕ್ತ ಬಂದರೆ ಉಜ್ಜುವುದು ನಿಲ್ಲಿಸಬೇಡಿ, ಮೆಲ್ಲಗೆ ಮುಂದುವರಿಸಿ. ಎರಡು ವಾರವಾದರೂ ನಿಲ್ಲದಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ದಂತವೈದ್ಯರಿಗೆ ತೋರಿಸಿ. ಗುಟ್ಕಾ ತಿನ್ನುವವರಿಗೆ ಬಾಯಿ ಮೊದಲಿನಷ್ಟು ತೆರೆಯಲಾಗದಿದ್ದರೆ, ಒಳಗೆ ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೆ, ಒಂದು ದಿನವೂ ತಡಮಾಡಬಾರದು. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜೇ ಇದೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಈ ರಾತ್ರಿ ಗಡಿಯಾರ ಎದುರಿಗಿಟ್ಟುಕೊಂಡು, ಈಗಿರುವ ಮೆತ್ತನೆಯ ಬ್ರಷ್ಷಿನಿಂದಲೇ ಪೂರಾ ಎರಡು ನಿಮಿಷ, ಒತ್ತದೆ, ಹಿಂದಿನ ದವಡೆ ಹಲ್ಲಿನ ತನಕ ಉಜ್ಜಿ ನೋಡಿ. ಕೈ ಸೋಲದೆ ಅದು ದಿನಾ ಸಾಧ್ಯವಾದರೆ ನಿಮಗೆ ಯಂತ್ರ ಬೇಕಿಲ್ಲ. ಸಾಧ್ಯವಾಗದಿದ್ದರೆ ಟೈಮರ್, ಒತ್ತಡದ ಸೆನ್ಸರ್ ಇರುವ, ತಲೆ ಸುಲಭವಾಗಿ ಸಿಗುವ ಸಾದಾ ಎಲೆಕ್ಟ್ರಿಕ್ ಬ್ರಷ್ ಕೊಳ್ಳಿ. ಅಪ್ಪನಿಗೆ ತಂದವರು ಇನ್ನೊಂದು ಕೆಲಸ ಮಾಡಿ: ಪಕ್ಕದಲ್ಲಿ ನಿಂತು ನಾಲ್ಕು ದಿನ ಹೇಳಿಕೊಡಿ.